ನಾಯಕಿಯ ಕೋಟಿನ ಸುಟ್ಟ ತೋಳು

ಭೂಮಿಯೆಲ್ಲ ಸುಟ್ಟು ಕರಕಲಾಗಿದೆ. ಬಿಸಿಲು ತಾಗಿದರೆ ಬೊಬ್ಬೆ, ಗಾಳಿ ಎಳೆದುಕೊಂಡರೆ ಸಾವು. ಅಂಥ ಲೋಕದಲ್ಲಿ ಒಬ್ಬ ಹೆಂಗಸು ನೀರು ಹುಡುಕುತ್ತ ನಡೆಯುವ ಸಿನಿಮಾ ಅದು. ಆ ಲೋಕದವರಿಗೆಲ್ಲ ಬಟ್ಟೆ ಒದಗಿಸುತ್ತಿದ್ದದ್ದು ಸ್ಟುಡಿಯೋ ಹಿಂಬದಿಯ ಉದ್ದನೆಯ ಕೋಣೆ. ಅಲ್ಲಿ ಓರಗಿತ್ತಿಯರಿಬ್ಬರಿಗೆ ಹೊಸ ಬಟ್ಟೆ ಹಾಳುಮಾಡುವ ಕೆಲಸ. ಉಪ್ಪುಕಾಗದದಿಂದ ಉಜ್ಜಿ, ಚಹಾ ಡಿಕಾಕ್ಷನ್ನಿನಲ್ಲಿ ಅದ್ದಿ, ಬೂದಿ ತಿಕ್ಕಿ, ನಿನ್ನೆ ಹೊಲಿದ ಕೋಟನ್ನು ಎರಡು ತಲೆಮಾರು ತೊಟ್ಟಂತೆ ಮಾಡುತ್ತಿದ್ದರು.

ಈ ವಿದ್ಯೆಯನ್ನು ಚಿಕ್ಕವಳಿಗೆ ಕಲಿಸಿದವಳು ದೊಡ್ಡವಳೇ. ಆದರೆ ನಾಯಕಿಯ ಕೋಟನ್ನು ನಿರ್ದೇಶಕ ಚಿಕ್ಕವಳಿಗೆ ವಹಿಸಿದ್ದ. ಅಂದಿನಿಂದ ದೊಡ್ಡವಳಿಗೆ ತಿಂದದ್ದು ರುಚಿಸಿರಲಿಲ್ಲ. ಅವಳ ಪಾಲಿಗೆ ಉಳಿದದ್ದು ಸಿನಿಮಾದಲ್ಲಿ ಹೆಣಗಳಾಗಿ ಬೀಳುವವರ ಬಟ್ಟೆ.

"ನಿಮ್ಮ ಹೆಣಗಳು ಚೆನ್ನಾಗಿವೆ ಅಂತ ಎಲ್ಲರೂ ಹೇಳ್ತಾರಕ್ಕಾ," ಎಂದಿದ್ದಳು ಚಿಕ್ಕವಳು.

"ಹೆಣಗಳು ಬಟ್ಟೆ ಚುಚ್ಚುತ್ತೆ, ಬಿಗಿಯುತ್ತೆ ಅಂತ ದೂರೋದಿಲ್ಲ ನೋಡು."

ನಿನ್ನೆಯ ದೃಶ್ಯದಲ್ಲಿ ಕಿಡಿ ಹಾರಿ ಕೋಟಿನ ತೋಳು ಸುಟ್ಟು ತೂತಾಗಿತ್ತು. ಆಮೇಲೆ ವಿರಾಮದಲ್ಲಿ ನಾಯಕಿ ಕೆಸರಿಗೆ ಬಿದ್ದು ಕೋಟೇ ಕೆಟ್ಟಿತ್ತು. ಇಂದು ಅದೇ ದೃಶ್ಯ ಮುಂದುವರಿಯಬೇಕು. ಎರಡನೆಯ ಕೋಟಿನಲ್ಲೂ ಅದೇ ತೂತು ಬೇಕು. ಪಾಪ, ಬೀಳುವ ಮುನ್ನ ಮೇಕಪ್ ಕೋಣೆಯಲ್ಲಿ ತೆಗೆದುಕೊಂಡಿದ್ದ ಫೋಟೋವನ್ನು ನಾಯಕಿ ತಾನಾಗಿಯೇ ಕಳಿಸಿದ್ದಳು. ಚಿಕ್ಕವಳು ಫೋನನ್ನು ಎದುರಿಗಿಟ್ಟುಕೊಂಡು, ಕಾಯಿಸಿದ ಸಲಾಕೆಯಿಂದ ಎಡತೋಳನ್ನು ಸುಟ್ಟಳು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ದೊಡ್ಡವಳು ಫೋನಿನೊಳಗೆ ಇಣುಕಿದಳು. ನಾಯಕಿಯ ಬೆನ್ನ ಹಿಂದಿನ ಗೋಡೆಯ ಮೇಲೆ ಅಕ್ಷರಗಳೆಲ್ಲ ತಿರುಗುಮುರುಗು. ಕನ್ನಡಿಯ ಮುಂದೆ ನಿಂತು ತೆಗೆದ ಫೋಟೋ. ನಿನ್ನೆ ತಾನು ಹೆಣಗಳ ಪಕ್ಕದಲ್ಲೇ ನಿಂತು ನೋಡಿದ್ದಳು: ಸುಟ್ಟದ್ದು ಬಲತೋಳು.

ಹಾಲು ಕುಡಿದಷ್ಟು ಸಂತೋಷವಾಯಿತು. ಕ್ಯಾಮೆರಾದ ಮುಂದೆ ತಪ್ಪು ಹೊರಬಿದ್ದರೆ ಕೋಟು ತನ್ನ ಕೈಗೇ ಬರುತ್ತದೆ. ತಾನು ಏನೂ ಮಾಡಬೇಕಾಗಿಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಸಾಕು.

ಕೋಟನ್ನು ತೋಳ ಮೇಲೆ ಹಾಕಿಕೊಂಡು ಹೊರಟ ಚಿಕ್ಕವಳು ಬಾಗಿಲಿನಿಂದ ಹಿಂದಿರುಗಿದಳು. ದೊಡ್ಡವಳ ಮೇಜಿನ ಸೂಜಿಗಳನ್ನು ಒಂದೊಂದಾಗಿ ಎತ್ತಿ, ದಾರದ ತುದಿ ಒದ್ದೆಮಾಡಿ ಪೋಣಿಸತೊಡಗಿದಳು.

"ಏನೇ ಅದು?"

"ದಿನಾ ಮಾಡ್ತೀನಲ್ಲ. ಇವತ್ತು ಗಡಿಬಿಡೀಲಿ ಮರೆತಿದ್ದೆ. ಬೆಳಗ್ಗೆ ನಿಮ್ಮ ಕಣ್ಣು ಮಂಜಾಗುತ್ತಲ್ಲಕ್ಕಾ."

ದಾರವಿದ್ದ ಸೂಜಿಯೇ ಕೈಗೆ ಸಿಗುತ್ತಿದ್ದದ್ದನ್ನು ದೊಡ್ಡವಳು ಇಷ್ಟು ದಿನ ತನ್ನ ಅಚ್ಚುಕಟ್ಟುತನವೆಂದೇ ನಂಬಿದ್ದಳು. ಅವಳಿಗೆ ಸಿಟ್ಟು ಬಂತು. ನೆಮ್ಮದಿಯಾಗಿ ಹೊಟ್ಟೆಕಿಚ್ಚು ಪಡುವುದಕ್ಕೂ ಬಿಡಳಲ್ಲ ಇವಳು.

"ಕೋಟು ಇಲ್ಲಿ ಕೊಡು. ಅದು ಕನ್ನಡೀಲಿ ತೆಗೆದ ಫೋಟೋ. ಸುಟ್ಟಿದ್ದು ಬಲತೋಳು."

ಚಿಕ್ಕವಳು ಅಳುತ್ತಲೇ ಕೋಟನ್ನು ಮೇಜಿನ ಮೇಲೆ ಹರಡಿದಳು. "ಇನ್ನು ಬಲಕ್ಕೂ ಸುಟ್ಟರೆ ಎರಡು ತೂತಾಗುತ್ತೆ."

"ಸುಡಬೇಡ. ಒಳಪದರದ ಅಸ್ತರಿಲ್ಲದ ಬಟ್ಟೆ, ಒಳಗೂ ಹೊರಗೂ ಒಂದೇ. ತೋಳು ಬಿಚ್ಚಿ ಒಳಮೈ ಹೊರಗೆ ಮಾಡಿದರೆ ಎಡದ್ದು ಬಲಕ್ಕೆ ಸರಿಯಾಗಿ ಕೂರುತ್ತೆ. ಬಲದ್ದು ಎಡಕ್ಕೆ. ಅಳೋದನ್ನ ಆಮೇಲೆ ಅಳು, ಮೊದಲು ಬ್ಲೇಡು ತಾ."

ಇಬ್ಬರೂ ಒಂದೊಂದು ತೋಳು ಬಿಚ್ಚಿದರು. ದೊಡ್ಡವಳು ಹೊಲಿಯುತ್ತ ಹೋದಂತೆ ಚಿಕ್ಕವಳು ಬೂದಿ ತಿಕ್ಕುತ್ತ ಬಂದಳು. ಹೊರಗೆ ಯಾರೋ ಕೋಟು ಕೋಟು ಎಂದು ಕೂಗುತ್ತಲೇ ಇದ್ದರು.

ನಾಯಕಿ ತೊಟ್ಟು ನಿಂತಾಗ ನಿರ್ದೇಶಕ ತೋಳನ್ನು ಹಿಡಿದು ನೋಡಿದ. "ನಿನ್ನೇದೇ ಕೋಟು ಅನ್ನಬೇಕು. ಒಳ್ಳೆ ಕೈ ಕಣಮ್ಮ ನಿಮ್ಮದು," ಎಂದ, ಚಿಕ್ಕವಳ ಕಡೆ ತಿರುಗಿ.

ದೊಡ್ಡವಳ ಹೊಟ್ಟೆಯಲ್ಲಿ ಮತ್ತೆ ಉರಿ ಎದ್ದಿತು. ಮಾಡಿದ್ದು ಯಾರು, ಹೊಗಳಿಕೆ ಯಾರಿಗೆ?

"ನಾನು ಎಡಕ್ಕೆ ಸುಟ್ಟುಬಿಟ್ಟಿದ್ದೆ ಸಾರ್," ಎಂದಳು ಚಿಕ್ಕವಳು, ಎಲ್ಲರಿಗೂ ಕೇಳುವಂತೆ. "ಅಕ್ಕ ನೋಡದಿದ್ದರೆ ಇವತ್ತು ಶೂಟಿಂಗ್ ನಿಲ್ತಿತ್ತು."

ನಿರ್ದೇಶಕ ಇಬ್ಬರನ್ನೂ ನೋಡಿದ. "ಹಾಗಾದರೆ ಇನ್ನು ಮುಂದೆ ಈ ಕೋಟು ನೀವೇ ನೋಡ್ಕೊಳ್ಳಿ," ಎಂದು ದೊಡ್ಡವಳಿಗೆ ಹೇಳಿ ಕ್ಯಾಮೆರಾದ ಕಡೆ ಹೋದ.

ಬೇಕಾಗಿದ್ದದ್ದು ಸಿಕ್ಕಿತ್ತು. ಆದರೂ ಉರಿ ತಣಿಯಲಿಲ್ಲ. ಅಷ್ಟು ಜನರ ಮುಂದೆ, ಬೆವರು ಒರೆಸಿಕೊಂಡಷ್ಟು ಸಲೀಸಾಗಿ, ಆ ಮಾತು ಇವಳ ಬಾಯಿಂದ ಹೇಗೆ ಬಂತು? ತಾನಾಗಿದ್ದರೆ ಹೇಳುತ್ತಿದ್ದಳೇ? ಇಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಕೈಯೆಲ್ಲ ಬೂದಿ, ತೊಳ್ಕೋ ನಡಿ," ಎಂದಳು, ಬೇಕಾದ್ದಕ್ಕಿಂತ ಗಡುಸಾಗಿ.

"ಬಂದೆ ಅಕ್ಕಾ," ಎಂದು ಚಿಕ್ಕವಳು ಹಿಂದೆಯೇ ಬಂದಳು.