ದಿಂಬಿನ ಪಕ್ಕದ ಗುಬ್ಬಿ

"ಮಾವ, ನಿಜ ಹೇಳ್ಬಿಡಿ. ಬೀಡಿ ಸೇದಿದ್ರಾ?"

ಸೊಸೆ ಹೊದಿಕೆಯ ಅಂಚನ್ನು ಮಾವನ ಮುಖದ ಹತ್ತಿರ ಹಿಡಿದಿದ್ದಳು. ಅಲ್ಲಿ ಅಂಗಿಯ ಗುಂಡಿಯಷ್ಟು ಅಗಲಕ್ಕೆ ಬಟ್ಟೆ ಸುಟ್ಟು ಕರಕಲಾಗಿತ್ತು. ಹೋದ ವಾರ ದಿಂಬಿನಲ್ಲಿ ಇಂಥದೇ ತೂತು ಕಂಡಾಗ ಹಳೆಯದಿರಬೇಕೆಂದು ಸುಮ್ಮನಾಗಿದ್ದಳು. ಇವತ್ತು ಸುಟ್ಟದ್ದು ಮಾವನ ಹಾಸಿಗೆಯಲ್ಲಿ ಮಗು ಮಲಗುವ ಮಗ್ಗುಲು.

"ಮೊಮ್ಮಗಳು ಹುಟ್ಟಿದ ದಿನ ಬಿಟ್ಟೋನು ಕಣಮ್ಮ," ಎಂದರು ಮಾವ. ಬಸ್ಸು ಓಡಿಸಿ ಓಡಿಸಿ ಕಾಯಿಗಟ್ಟಿದ್ದ ಅಂಗೈಗಳನ್ನು ತಾವೇ ಮೂಸಿ ನೋಡಿಕೊಂಡರು. "ವಾಸನೆ ಇದ್ಯಾ? ನೀನೇ ನೋಡು."

ವಾಸನೆ ಇರಲಿಲ್ಲ. ಆದರೂ ನಂಬುವುದು ಹೇಗೆ? ನಲ್ಲಿ ತೆರೆದಿಟ್ಟು ಮರೆಯುವುದು, ಸೊಸೆಯನ್ನು ತೀರಿಕೊಂಡ ಹೆಂಡತಿ ಎಂದುಕೊಂಡು ಮಾತಿಗಿಳಿಯುವುದು ಈಚೆಗೆ ಶುರುವಾಗಿತ್ತು. ಸಂಜೆ ಗಂಡ ಬಂದವನೇ ಆ ತೂತಿನೊಳಗೆ ಬೆರಳು ತೂರಿಸಿ ನೋಡಿದ. "ಮನೆ ಹೊತ್ಕೊಂಡು ಉರಿಯೋವರೆಗೂ ಕಾಯೋಣ್ವಾ? ಭಾನುವಾರ ವೃದ್ಧಾಶ್ರಮಕ್ಕೆ ಬಿಟ್ಟು ಬರ್ತೀನಿ. ಅಲ್ಲಿ ನೋಡ್ಕೊಳ್ಳೋರಾದ್ರೂ ಇರ್ತಾರೆ," ಎಂದ. ದನಿ ಮಾತ್ರ ನಡುಗುತ್ತಿತ್ತು. ಹೆದರಿಕೆಯಾದಾಗ ಜೋರು ಮಾಡುವ ಗಂಡಸು ಅವನು.

ಮಾವನ ಕೋಣೆಯನ್ನು ಅವಳು ಎಷ್ಟು ಆಸೆಪಟ್ಟು ಅಣಿಮಾಡಿದ್ದಳು! ಹಳೇ ಸಾಮಾನಿನ ಅಂಗಡಿಗಳಲ್ಲಿ ಗಾಜಿನ ಹಕ್ಕಿ ಹುಡುಕುವುದು ಅವಳ ಹುಚ್ಚು. ಕೊಕ್ಕು ಮುಕ್ಕಾದ ನೀಲಿ ಮಿಂಚುಳ್ಳಿ, ಮೈಯೊಳಗೆ ಗುಳ್ಳೆಗಳಿರುವ ಗಿಳಿ, ಕತ್ತು ಕೊಂಕಿಸಿದ ಬೆಳ್ಳಕ್ಕಿ, ಎಲ್ಲ ಅವಳಿಗಿಂತ ವಯಸ್ಸಾದವು. ಏನೇ ತಂದರೂ ಮೊದಲು ಮಾವನಿಗೆ ತೋರಿಸಬೇಕು. ಅವರು ತಿರುಗಿಸಿ ಮುರುಗಿಸಿ ನೋಡಿ, ಆ ಹಕ್ಕಿ ಕೂಗುವಂತೆಯೇ ಕೂಗಿ ಮಗುವನ್ನು ನಗಿಸುತ್ತಿದ್ದರು. ಡಿಪೋ ಹಿಂದಿನ ಕೆರೆಯಲ್ಲಿ ಮಿಂಚುಳ್ಳಿ ದುಮುಕುವುದನ್ನು ನೋಡುತ್ತ ನಿಂತು, ಬಸ್ಸು ತಡಮಾಡಿ ಬೈಸಿಕೊಂಡ ಮನುಷ್ಯ. ಹೊಸದಾಗಿ ಬಂದದ್ದು ಮುಷ್ಟಿಗಾತ್ರದ ಗುಬ್ಬಿ. ಬಣ್ಣವಿಲ್ಲ, ಒಳಗೆ ಟೊಳ್ಳಿಲ್ಲ, ಬರೀ ಗಟ್ಟಿ ಗಾಜು.

"ಇದೇನಮ್ಮ, ಗುಬ್ಬಿ ತಿಂದೂ ತಿಂದೂ ಉರುಳೋ ಹಾಗಾಗಿದೆ!" ಎಂದು ಅವತ್ತು ನಕ್ಕಿದ್ದರು.

ಹಕ್ಕಿಗಳ ಸಾಲು ಇದ್ದದ್ದು ಅವರ ಮಂಚದ ಪಕ್ಕದ ಕಿಟಕಿಕಟ್ಟೆಯ ಮೇಲೆ. ಚಳಿ ಶುರುವಾದ ಮೇಲೆ ಬಿಸಿಲು ವಾಲಿಕೊಂಡು ದಿಂಬಿನವರೆಗೂ ಬರುತ್ತಿತ್ತು.

ಶನಿವಾರ ಬೆಳಿಗ್ಗೆ ಮಾವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಕಣ್ಣು ಕೆಂಪಗಿತ್ತು.

"ನಾನೇ ಇರ್ಬೇಕಮ್ಮ," ಎಂದರು.

"ಏನು ಮಾವ?"

"ಕಡ್ಡಿ ಗೀರಿದ ಸದ್ದು ಕಿವೀಲಿದೆ. ಯಾವಾಗ ಗೀರಿದ್ನೋ ಗೊತ್ತಾಗ್ತಿಲ್ಲ. ಮಗೂನ ನನ್ನ ಹತ್ರ ಮಲಗಿಸ್ಬೇಡ."

ಒಪ್ಪಿಕೊಂಡರಲ್ಲ ಎಂಬ ಸಮಾಧಾನ ಒಂದು ಗಳಿಗೆಯೂ ನಿಲ್ಲಲಿಲ್ಲ. ಕಣ್ಣಾರೆ ನೋಡಲೇಬೇಕೆನ್ನಿಸಿತು. ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಕೆಲಸಕ್ಕೆ ರಜೆ ಹಾಕಿ, ಮಧ್ಯಾಹ್ನ ಮಾವನ ಕೋಣೆಯ ಬಾಗಿಲನ್ನು ಬೆರಳಷ್ಟು ಸರಿಸಿ ಕಾದು ಕೂತಳು. ಕಳ್ಳಿಯ ಹಾಗೆ ಕೂತಿದ್ದೇನಲ್ಲ ಎಂದು ನಾಚಿಕೆಯೂ ಆಯಿತು.

ಮಾವ ಕಿಟಕಿಯಿಂದ ಗುಬ್ಬಿಯನ್ನು ತೆಗೆದು, ಬಿಸಿಲಿಗೆ ಹಿಡಿದು ಮೆಲ್ಲಗೆ ಚಿಂವ್‌ಗುಟ್ಟಿದರು. ಅದನ್ನು ದಿಂಬಿನ ಪಕ್ಕ ಇಟ್ಟುಕೊಂಡರು. ಆಮೇಲೆ ಟವೆಲನ್ನು ಎರಡೂ ಮಣಿಕಟ್ಟಿಗೆ ಸುತ್ತಿ, ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ಬಿಗಿಯಾಗಿ ಗಂಟು ಹಾಕಿಕೊಂಡರು. ಗಂಟು ನಿಂತಿತೇ ಎಂದು ಕೈ ಜಗ್ಗಿ ನೋಡಿ ಕಣ್ಣು ಮುಚ್ಚಿದರು.

ಅವಳು ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ಒಳಗೆ ಹೋಗಿ ಬಿಚ್ಚಬೇಕೆನ್ನಿಸಿತು, ಕದ್ದು ನೋಡಿದ್ದು ತಿಳಿದೀತೆಂದು ಕೂತೇ ಇದ್ದಳು. ಮಾವನ ಗೊರಕೆ ಶುರುವಾಯಿತು.

ಎಷ್ಟೋ ಹೊತ್ತಿನ ಮೇಲೆ ವಾಸನೆ ಬಂತು. ಸುಟ್ಟ ಬಟ್ಟೆಯ ವಾಸನೆ. ಕಟ್ಟಿದ ಕೈ ಎದೆಯ ಮೇಲೆ ಹಾಗೇ ಇತ್ತು, ಗೊರಕೆ ನಿಂತಿರಲಿಲ್ಲ, ಕೋಣೆಯಲ್ಲಿ ಇನ್ನೊಂದು ನರಪಿಳ್ಳೆಯಿಲ್ಲ. ದಿಂಬಿನ ಹತ್ತಿರ ಹೊಗೆಯ ಎಳೆಯೊಂದು ಏಳುತ್ತಿತ್ತು.

ಓಡಿಹೋಗಿ ಹೊದಿಕೆ ಎಳೆದಳು. ಗುಬ್ಬಿ ಉರುಳಿ ಹಾಸಿಗೆಯ ಮೇಲೆ ಬಿತ್ತು. ಅದರ ಮಗ್ಗುಲಲ್ಲಿ, ಸಾಸಿವೆಯಷ್ಟು ಬೆಳಕಿನ ಚುಕ್ಕೆಯೊಂದು ಕಣ್ಣು ಕುಕ್ಕುವಂತೆ ಉರಿಯುತ್ತಿತ್ತು. ಬೆಳಗಾದರೆ ಕನ್ನಡಕದ ಅಂಗಡಿಯಲ್ಲಿ ಮಸೂರ ಒರೆಸುವವಳು ಅವಳು. ಗುಬ್ಬಿಯನ್ನು ಬೆಲೆ ಚೌಕಾಸಿ ಮಾಡಿ, ಎದೆಗವಚಿಕೊಂಡು ತಂದವಳೂ ಅವಳೇ.

"ಹಚ್ಚಿದ್ನಾ?" ಮಾವ ಗಾಬರಿಯಿಂದ ಎದ್ದರು. "ಕಟ್ಕೊಂಡಿದ್ನಲ್ಲಮ್ಮ, ಆದ್ರೂ ಹಚ್ಚಿದ್ನಾ?"

"ನೀವಲ್ಲ ಮಾವ! ನೀವಲ್ಲ. ಈ ಗುಬ್ಬಿ. ಬಿಸಿಲು ಇದರೊಳಗೆ ಹಾಯ್ದು ಸುಡ್ತಿದೆ. ನಾನು ತಂದಿಟ್ಟಿದ್ದು."

"ನನ್ನ ಉಳಿಸೋಕೆ ಏನಾದ್ರೂ ಹೇಳ್ತೀಯ ನೀನು."

ಅವಳು ಅಳುತ್ತಲೇ ಗಂಟು ಬಿಚ್ಚಿದಳು. ಮಣಿಕಟ್ಟಿನಲ್ಲಿ ಟವೆಲಿನ ಅಚ್ಚು ಮೂಡಿತ್ತು. ಗುಬ್ಬಿಯನ್ನು ಬಿಸಿಲಿಗೆ ಎತ್ತಿ ಹಿಡಿದು, ಮಾವನ ಅಂಗೈಯನ್ನು ಅದರ ಕೆಳಗೆ ತಂದಳು. ಚುಕ್ಕೆ ಅಂಗೈ ನಡುವೆ ಬಿತ್ತು. ಅವರು ಬಗ್ಗಿ ನೋಡುತ್ತಿದ್ದರು. ಒಮ್ಮೆಲೇ ಕೈ ಝಾಡಿಸಿದರು.

"ಸುಡ್ತು!" ಎಂದರು. "ಸುಡ್ತು ಕಣಮ್ಮ!"

ಮತ್ತೆ ಅಂಗೈಯನ್ನು ಅಲ್ಲೇ ಒಡ್ಡಿದರು. ಅವಳು ಹೆದರಿ ಬಿಸಿಲಿಗೆ ಕೈ ಅಡ್ಡ ಹಿಡಿದಳು. ಅಂಗೈ ಮೇಲೆ ನೆರಳು ಬಿತ್ತು.

"ಕೈ ತೆಗಿ," ಎಂದರು ಮಾವ, ಕಣ್ಣೀರು ಒರೆಸಿಕೊಳ್ಳದೆ. "ಇನ್ನೊಂದ್ಸಲ."