ಕೋಲು ಎತ್ತಿದರೆ ನಿಲ್ಲುತ್ತಾರೆ

ಟ್ರಾಫಿಕ್ ಪೊಲೀಸ್ ಆಗಿ ಅರ್ಧ ಆಯುಷ್ಯವನ್ನು ನಾಲ್ಕು ರಸ್ತೆ ಕೂಡುವ ಕಡೆ ಬಿಸಿಲಲ್ಲಿ ನಿಂತು ಸವೆಸಿದ ಆ ಮನುಷ್ಯನನ್ನು ಜನ ಪೀಪಿ ಎಂದೇ ಕರೆಯುತ್ತಿದ್ದರು. ನಿವೃತ್ತಿಯ ದಿನ ಪೀಪಿಯನ್ನು ಠಾಣೆಗೆ ಒಪ್ಪಿಸಿ ಬಂದರೂ ಹೆಸರು ಮಾತ್ರ ಅವನ ಹಿಂದೆಯೇ ಮನೆಗೆ ಬಂತು. ಅವನ ಕೈಗೆ ಒಂದು ಗತ್ತಿತ್ತು. ಬೇರೆಯವರು ಊದಿ ಊದಿ ಕೆನ್ನೆ ಹರಿದುಕೊಂಡರೂ ನಿಲ್ಲದ ಲಾರಿ, ಇವನು ಅಂಗೈ ತೋರಿಸಿ ಒಮ್ಮೆ ದುರುಗುಟ್ಟಿದರೆ ಬಾಲ ಮುದುರಿಕೊಂಡು ನಿಲ್ಲುತ್ತಿತ್ತು. ಆ ಕೈ ಈಗ ಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿತ್ತು, ಬಟ್ಟೆ ಒಣಹಾಕುತ್ತಿತ್ತು, ಹೆಂಡತಿಯನ್ನು ಬಚ್ಚಲಮನೆಯ ಬಾಗಿಲವರೆಗೆ ಬಿಟ್ಟುಬರುತ್ತಿತ್ತು.

ಹೆಂಡತಿ ಟೈಲರಮ್ಮ. ಆ ಬೀದಿಯ ಅರ್ಧ ಮಕ್ಕಳ ಯೂನಿಫಾರಂ ಅವಳ ಮೆಷಿನ್ನಿನಿಂದ ಎದ್ದು ಹೋದದ್ದು. ಕಣ್ಣಿನ ಒತ್ತಡ ಏರಿ, ಮೊದಲು ಅಂಚುಗಳು ಮಸುಕಾದವು, ಆಮೇಲೆ ನಡುವೆಯೂ ಕತ್ತಲು ಕವಿಯಿತು, ಕೊನೆಗೆ ಸೂಜಿಯ ಕಣ್ಣು ಹಾಗಿರಲಿ, ಎದುರಿನ ಕಿಟಕಿಯೂ ಕಾಣದಾಯಿತು. ಮೊದಲೇ ಬರಬೇಕಿತ್ತು ಎಂದರು ಡಾಕ್ಟರು. ಎಲ್ಲ ಮುಗಿದ ಮೇಲೆ ಇದನ್ನು ಹೇಳುವುದಕ್ಕೆ ಡಾಕ್ಟರೇ ಯಾಕೆ ಬೇಕು ಎಂದು ಪೀಪಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಗೊಣಗಿದ್ದ. ಅವಳು ಮನೆಗೆ ಬಂದು ಮೆಷಿನ್ನಿಗೆ ಬಟ್ಟೆ ಹೊದಿಸಿ, ಅದರ ಪಕ್ಕ ಒಂದು ಸ್ಟೂಲಿನ ಮೇಲೆ ಕೂತವಳು ತಿಂಗಳುಗಟ್ಟಲೆ ಕೂತೇ ಇದ್ದಳು.

ಅವಳನ್ನು ಎಬ್ಬಿಸಿದ್ದು ತರಬೇತಿ ಕೇಂದ್ರದ ಮೇಷ್ಟ್ರು. ಅವರು ಹುಟ್ಟು ಕುರುಡರು. ಕಣ್ಣಿಲ್ಲದವರಿಗೆ ಒಬ್ಬರೇ ಓಡಾಡುವುದನ್ನು ಕಲಿಸುವುದೇ ಅವರ ಕೆಲಸ. ಬಲಗಾಲು ಮುಂದಿಟ್ಟಾಗ ಕೋಲಿನ ತುದಿ ಎಡಕ್ಕಿರಬೇಕು, ಎಡಗಾಲಿಟ್ಟಾಗ ಬಲಕ್ಕೆ; ಗೋಡೆ ಮುಗಿದಲ್ಲಿ ಕೆನ್ನೆಗೆ ಗಾಳಿ ತಾಗುತ್ತದೆ, ಅದನ್ನು ಗಮನಿಸಬೇಕು; ದಾರಿ ತಪ್ಪಿದರೆ ಕಾಲು ಓಡಿಸಬಾರದು, ಕೊನೆಯದಾಗಿ ಯಾವ ಜಾಗ ಗೊತ್ತಿತ್ತೋ ಅಲ್ಲಿಗೆ ವಾಪಸ್ ಬರಬೇಕು. ಇಷ್ಟನ್ನು ಅವರು ನಗುನಗುತ್ತ ಹೇಳಿಕೊಡುತ್ತಿದ್ದರು. ರಸ್ತೆ ದಾಟುವ ಪಾಠ ಬಂದಾಗ ಮಾತ್ರ ಅವರ ದನಿ ಗಡುಸಾಗುತ್ತಿತ್ತು. ಗಾಡಿಯವರ ಒಳ್ಳೆತನ ನಂಬಿ ಕಾಲಿಡಬೇಡಿ, ರಸ್ತೆ ಖಾಲಿಯಾದದ್ದು ಕಿವಿಗೆ ಬಿದ್ದ ಮೇಲೆ ಇಡಿ, ಅಲ್ಲಿಯತನಕ ಸಂಜೆಯಾದರೂ ನಿಂತಿರಿ ಎನ್ನುತ್ತಿದ್ದರು.

ಒಂಟಿಯಾಗಿ ಹೊರಡುವ ಮೊದಲು ಅವಳು ಗಂಡನಿಗೆ ಒಂದು ಷರತ್ತು ಹಾಕಿದಳು. ಬೀದಿಯಲ್ಲಿ ಅವನು ರಟ್ಟೆ ಹಿಡಿದು ಎಳೆದುಕೊಂಡು ಹೋಗುವಾಗ ತಾನೊಂದು ಸಾಮಾನಿನ ಚೀಲ ಅನ್ನಿಸುತ್ತದಂತೆ.

"ನೀವು ಹಿಂದೆ ಬಂದದ್ದು ಒಂದೇ ಒಂದು ದಿನ ಗೊತ್ತಾದ್ರೂ, ಆ ಸ್ಟೂಲಿನ ಮೇಲೆ ಕೂತ್ಬಿಡ್ತೀನಿ ರೀ. ಆಮೇಲೆ ಹೆಣ ಎತ್ತೋಕೇ ಎಬ್ಬಿಸ್ಬೇಕು."

ಪೀಪಿ ಆಯಿತು ಎಂದ. ಎಂದವನು ಮಾರನೆಯ ದಿನ ಪೇಟೆಗೆ ಹೋಗಿ ಸದ್ದಾಗದ ಕ್ಯಾನ್ವಾಸ್ ಶೂ ತಂದ. ಬೀಡಿ ಬಿಟ್ಟ. ಮೂವತ್ತು ವರ್ಷದಿಂದ ಹಚ್ಚುತ್ತಿದ್ದ ಸೋಪು ಬದಲಾಯಿಸಿದ. ಅವಳು ಬಾಗಿಲು ದಾಟಿದ ಮೇಲೆ ಬಟ್ಟೆ ಒಗೆಯುವ ಬಕೆಟ್ಟಿಗೆ ನಲ್ಲಿ ತಿರುಗಿಸಿಟ್ಟು, ನೀರಿನ ಸದ್ದನ್ನು ಮನೆಯಲ್ಲಿ ಬಿಟ್ಟು, ಬೆಕ್ಕಿನ ಹೆಜ್ಜೆಯಲ್ಲಿ ಹಿಂದೆ ಬಿದ್ದ. ಅವಳು ಬಸ್ಸಿನ ಮುಂದಿನ ಬಾಗಿಲಲ್ಲಿ ಹತ್ತಿದರೆ ಇವನು ಹಿಂದಿನ ಬಾಗಿಲಲ್ಲಿ. ಮೊದಮೊದಲು ಬರೀ ನೋಡುವುದಷ್ಟೇ ಅವನ ಉದ್ದೇಶವಾಗಿತ್ತು, ಅದು ಸುಳ್ಳಲ್ಲ.

ಕೆಟ್ಟದ್ದು ರಸ್ತೆ ದಾಟುವ ಜಾಗದಲ್ಲಿ. ಬಸ್‌ಸ್ಟಾಪಿನ ಎದುರಿನ ಆ ರಸ್ತೆ ಖಾಲಿಯಾಗುವ ಪೈಕಿಯೇ ಅಲ್ಲ. ಮೊದಲ ದಿನ ಅವಳು ಮೈಯೆಲ್ಲ ಕಿವಿಯಾಗಿ ನಿಂತಳು. ಒಂದು ಬಸ್ಸು ಹೋಗುವಷ್ಟರಲ್ಲಿ ನಾಲ್ಕು ಬೈಕು, ಅವುಗಳ ಬಾಲ ಹಿಡಿದು ಒಂದು ಟ್ಯಾಂಕರು. ಅವಳ ಕತ್ತಿನ ಮೇಲೆ ಬೆವರು ಇಳಿಯುವುದು ಪೀಪಿಗೆ ಪಂಚರ್ ಅಂಗಡಿಯ ಪಕ್ಕದಿಂದ ಕಾಣುತ್ತಿತ್ತು. ಕೊನೆಗೆ ಅವಳಿಗೆ ರೋಸಿಹೋಯಿತು. ಬಿಳಿ ಕೋಲನ್ನು ಎದೆಮಟ್ಟಕ್ಕೆ ಅಡ್ಡ ಎತ್ತಿ ಹಿಡಿದು, ಕಾಲು ಕೆಳಗಿಡಲು ಸಿದ್ಧಳಾದಳು. ಅಷ್ಟರಲ್ಲಿ ಪೀಪಿ ರಸ್ತೆಗೆ ಇಳಿದಾಗಿತ್ತು. ಇಳಿದದ್ದು ಅವನಿಗೇ ಗೊತ್ತಿರಲಿಲ್ಲ. ಅಂಗೈ ಮೇಲೆದ್ದಿತ್ತು, ಕಣ್ಣು ದುರುಗುಟ್ಟಿತ್ತು, ಗಾಡಿಗಳು ಸಾಲಾಗಿ ನಿಂತಿದ್ದವು. ಅವಳು ಆ ದಡ ಮುಟ್ಟಿದಳು. ಬಾಯಿ ತೆರೆದು ನೋಡುತ್ತಿದ್ದ ಪಂಚರ್ ಅಂಗಡಿಯವನಿಗೆ ಇವನು ತುಟಿಯ ಮೇಲೆ ಬೆರಳಿಟ್ಟು ತೋರಿಸಿದ.

ಆ ರಾತ್ರಿ ಊಟಕ್ಕೆ ಕೂತಾಗ ಅವಳ ಮುಖ ನೋಡಬೇಕಿತ್ತು.

"ಎತ್ತಿದ್ರೆ ಸಾಕು ರೀ, ನಿಂತ್ಬಿಡ್ತಾರೆ. ನೀವು ಇಡೀ ಸರ್ವೀಸು ಕೈಯಲ್ಲಿ ಮಾಡಿದ್ದನ್ನ ನಾನು ಒಂದು ಕೋಲಲ್ಲಿ ಮಾಡ್ದೆ."

ಹೇಳಿಬಿಡಬೇಕು ಎಂದುಕೊಂಡ. ನಾಲಿಗೆಯ ತುದಿಗೆ ಬಂದದ್ದನ್ನು ತುತ್ತಿನ ಜೊತೆ ನುಂಗಿಕೊಂಡ. ಎಷ್ಟೋ ತಿಂಗಳ ಮೇಲೆ ಅವಳು ಎರಡನೇ ಸಲ ಬಡಿಸಿಕೊಂಡಿದ್ದಳು, ಅದಕ್ಕೆ ಕಲ್ಲು ಹಾಕುವುದು ಹೇಗೆ? ಇದು ಅವನು ತನಗೆ ತಾನೇ ಹೇಳಿಕೊಂಡ ಕಾರಣ. ಇನ್ನೊಂದು ಕಾರಣವೂ ಇತ್ತು, ಅದನ್ನು ಅವನು ತನಗೂ ಹೇಳಿಕೊಳ್ಳಲಿಲ್ಲ. ಕೈ ಎತ್ತಿ ಗಾಡಿ ನಿಲ್ಲಿಸುವಾಗ ಅವನಿಗೆ ಹೋದ ಜೀವ ಬಂದಂತಾಗಿತ್ತು. ಈರುಳ್ಳಿ ಹೆಚ್ಚುವ ಮನುಷ್ಯ ಮತ್ತೆ ಪೀಪಿಯಾಗಿದ್ದ. ಮಾರನೆಯ ದಿನ ಅವಳಿಗಿಂತ ಮೊದಲು ಅವನೇ ತಯಾರಾಗಿ ಕೂತ.

ಹೀಗೇ ಮಳೆಗಾಲ ಕಳೆದು ಚಳಿ ಬಂತು. ಟೈಲರಮ್ಮ ಬಟನ್ ಅಂಗಡಿಗೆ ಹೋದಳು, ತಂಗಿಯ ಮನೆಗೆ ಹೋಗಿ ಬಂದಳು, ಬಾಡಿಗೆ ಮನೆಯ ಓನರ್ ಹತ್ತಿರ ನಲ್ಲಿ ಸೋರುವ ವಿಷಯಕ್ಕೆ ಜಗಳವನ್ನೂ ಆಡಿ ಬಂದಳು. ಪ್ರತಿ ರಸ್ತೆಯಲ್ಲೂ ಕೋಲು ಎತ್ತುವಳು, ಮೂರು ಉಸಿರು ಕಾಯುವಳು, ದಾಟುವಳು. ಮೇಷ್ಟ್ರು ಪರೀಕ್ಷೆಗೆಂದು ಪಕ್ಕದಲ್ಲೇ ನಿಂತ ದಿನವೂ ಪೀಪಿ ಟ್ರಾನ್ಸ್‌ಫಾರ್ಮರ್ ಕಂಬದ ಪಕ್ಕದಿಂದ ರಸ್ತೆಗೆ ಇಳಿದಿದ್ದ. ಬ್ರೇಕುಗಳು ಒಂದರ ಹಿಂದೆ ಒಂದು ಕಿರುಗುಟ್ಟಿದ್ದು ಕೇಳಿ ಮೇಷ್ಟ್ರು ತಲೆ ವಾರೆ ಮಾಡಿದರು. ಇಷ್ಟು ಒಳ್ಳೆಯ ಜನ ಈ ಊರಿಗೆ ಯಾವಾಗ ಬಂದರು ಎಂದು ಕೇಳಿದರು. ಕೋಲು ಎತ್ತುವುದು ನೀನಿದ್ದೀಯ ಅಂತ ಅವರಿಗೆ ತೋರಿಸೋಕಮ್ಮ, ಅವರನ್ನ ನಿಲ್ಲಿಸೋಕಲ್ಲ ಎಂದು ಎಚ್ಚರಿಸಿದರು. ಟೈಲರಮ್ಮ ತಲೆಯಾಡಿಸಿದಳು. ಮನೆಗೆ ಬಂದು, ಮೇಷ್ಟ್ರು ಸ್ವಲ್ಪ ಹಳೇ ಕಾಲದವರು ಎಂದು ನಕ್ಕಳು.

ಕೇಂದ್ರದಲ್ಲಿ ಅವಳ ಜೊತೆ ಕಲಿಯುತ್ತಿದ್ದವರಲ್ಲಿ ಒಂದು ಹುಡುಗಿಯಿತ್ತು. ಯಾವುದೋ ಆಫೀಸಿನಲ್ಲಿ ಟೆಲಿಫೋನ್ ಎತ್ತುವ ಕೆಲಸ, ಜ್ವರ ಬಂದು ಕಣ್ಣು ಕಳೆದುಕೊಂಡದ್ದು. ಎಲ್ಲರೂ ಟೆಲಿಫೋನ್ ಹುಡುಗಿ ಎನ್ನುತ್ತಿದ್ದರು. ಟೈಲರಮ್ಮನನ್ನು ಅಕ್ಕ ಅಕ್ಕ ಎಂದು ಅಂಟಿಕೊಂಡಿತ್ತು. ರಸ್ತೆಯೆಂದರೆ ಅದಕ್ಕೆ ಪ್ರಾಣಭಯ. ಮೇಷ್ಟ್ರು ಹೇಳಿದಂತೆ ರಸ್ತೆಯಂಚಿನಲ್ಲಿ ನಿಂತು ನಿಂತು, ಆಫೀಸಿಗೆ ದಿನವೂ ತಡವಾಗಿ, ಮ್ಯಾನೇಜರ್ ಕೈಲಿ ಬೈಸಿಕೊಂಡು ಬಂದು ಅಳುತ್ತಿತ್ತು.

"ಅವಳಿಗೂ ಹೇಳ್ಕೊಟ್ಟೆ ರೀ ಇವತ್ತು," ಎಂದಳು ಟೈಲರಮ್ಮ ಒಂದು ಸಂಜೆ. "ಹೆದರ್ಕೊಂಡು ನಿಂತ್ರೆ ಯಾರೂ ನಿಲ್ಸಲ್ಲ ಕಣೆ, ಗಟ್ಟಿ ಮನಸ್ಸು ಮಾಡಿ ಎತ್ತು ಅಂದೆ. ಕೈ ಹಿಡಿದು ಎತ್ತಿಸ್ದೆ."

ಪೀಪಿ ಒಲೆಯ ಮುಂದೆ ನಿಂತು ಸಾರು ಕದಡುತ್ತಿದ್ದ. ಸೌಟು ಹಿಡಿದ ಕೈ ನಿಂತಿತು. ಹೇಳುವುದಾದರೆ ಅದು ಹೇಳುವ ಗಳಿಗೆ. ಎಲ್ಲ ರಸ್ತೆಯೂ ಒಂದೇ ಥರ ಇರಲ್ಲ, ಅವಳಿಗೆ ಹುಷಾರು ಅಂತ ಹೇಳು ಎಂದಷ್ಟೇ ಅಂದ. ಅಷ್ಟು ಅಂದದ್ದರಿಂದಲೇ ತನ್ನ ಕರ್ತವ್ಯ ಮುಗಿಯಿತು ಎಂದು ಸೌಟನ್ನು ಮತ್ತೆ ತಿರುಗಿಸಿದ. ಹೇಡಿತನಕ್ಕೆ ಇದಕ್ಕಿಂತ ದೊಡ್ಡ ಜಾಗ ಬೇಕಾಗಿಲ್ಲ.

ಸುದ್ದಿ ಬಂದದ್ದು ವಾರ ಕಳೆಯುವುದರೊಳಗೆ. ಆಫೀಸಿನ ಮುಂದಿನ ರಸ್ತೆ, ಹಾಲಿನ ವ್ಯಾನು. ಜೀವ ಉಳಿಯಿತು. ಬಲಗಾಲನ್ನು ಮಂಡಿಯ ಕೆಳಗೆ ತೆಗೆದರು.

ಗಂಡ ಹೆಂಡತಿ ಇಬ್ಬರೂ ಆಸ್ಪತ್ರೆಗೆ ಹೋದರು. ಅಂದು ಅವಳೇ ಅವನ ಮೊಣಕೈ ಹಿಡಿದುಕೊಂಡಿದ್ದಳು. ಮೂಳೆ ವಾರ್ಡಿನ ಕೊನೆಯ ಮಂಚ. ಹುಡುಗಿಯ ತಾಯಿ ಮಂಚದ ಕೆಳಗಿನಿಂದ ಸ್ಟೂಲು ಎಳೆದು ಕೊಟ್ಟಳು. ಹೊದಿಕೆ ಒಂದು ಕಡೆ ಕಾಲಿನ ಆಕಾರಕ್ಕೆ ಉಬ್ಬಿತ್ತು, ಇನ್ನೊಂದು ಕಡೆ ನಡುವೆಯೇ ಚಪ್ಪಟೆಯಾಗಿತ್ತು. ಪೀಪಿ ಅದನ್ನು ನೋಡಿದ. ಅಲ್ಲಿದ್ದ ಇಬ್ಬರು ಕುರುಡರಿಗೆ ಅದು ಕಾಣುವಂತಿರಲಿಲ್ಲ, ಅವನಿಗೆ ಕಂಡಿತು. ಅವನು ಹೆಗಲಿಗೆ ನೇತುಹಾಕಿ ತಂದಿದ್ದ ಫ್ಲಾಸ್ಕಿನ ಪಟ್ಟಿ ಹಿಡಿದುಕೊಂಡು ಕಿಟಕಿಯ ಕಡೆ ಸರಿದ.

"ಅಕ್ಕ, ನೀವು ಹೇಳಿದ ಹಾಗೇ ಮಾಡ್ದೆ," ಎಂದಿತು ಹುಡುಗಿ. ಔಷಧಿಯ ಮಂಪರಿನಲ್ಲಿ ಮಾತು ತೊದಲುತ್ತಿತ್ತು. "ಗಟ್ಟಿ ಮನಸ್ಸು ಮಾಡ್ದೆ. ಮೂರು ಉಸಿರೂ ಕಾದೆ. ಕೋಲು ಕೆಳಗೆ ಹಿಡಿದ್ನೇನೋ, ಅವನಿಗೆ ಕಾಣ್ಲಿಲ್ಲ ಅನ್ಸುತ್ತೆ."

ಟೈಲರಮ್ಮ ತಡಕಾಡಿ ಅವಳ ತೋಳು ಹಿಡಿದಳು. ಹೆಗಲಿನ ಅಳತೆ ತೆಗೆಯುವಾಗ ಬೆರಳು ಇಡುತ್ತಿದ್ದ ಹಾಗೇ ಇಟ್ಟು, ನಿಧಾನಕ್ಕೆ ಮೇಲೆತ್ತಿದಳು. ಎಲ್ಲಿಗೆ ಎತ್ತಿದ್ದೆ ತೋರಿಸು ಎಂದಳು. ಹುಡುಗಿ ತೋರಿಸಿತು.

"ಸ್ವಲ್ಪ ಕಡಿಮೆಯಾಯ್ತು ಕಣೆ," ಎಂದಳು ಟೈಲರಮ್ಮ. "ಇನ್ನೊಂದು ಗೇಣು ಮೇಲಿರ್ಬೇಕಿತ್ತು. ನಾನೇ ಸರಿಯಾಗಿ ಹೇಳ್ಬೇಕಿತ್ತು."

ಹುಡುಗಿ ಅಳಲು ಶುರುಮಾಡಿತು. ಅದರ ತಾಯಿ, ಪಾಪ, ದುಃಖ ಎಲ್ಲಿ ಇಳಿಸಬೇಕೆಂದು ತೋಚದೆ ಮಗಳ ಮೇಲೆಯೇ ಇಳಿಸಿದಳು. ಹೇಳಿಕೊಟ್ಟದ್ದನ್ನೂ ನೆಟ್ಟಗೆ ಮಾಡುವುದಿಲ್ಲ, ಚಿಕ್ಕಂದಿನಿಂದಲೂ ಹೀಗೇ ಎಂದು ಸೆರಗು ಬಾಯಿಗೆ ತುರುಕಿಕೊಂಡಳು. ತಪ್ಪು ಒಂದು ಗೇಣಿನದ್ದು ಎಂದು ಮೂವರು ಹೆಂಗಸರೂ ಒಪ್ಪಿಕೊಂಡುಬಿಟ್ಟರು. ಪೀಪಿ ಕಿಟಕಿಯ ಸರಳು ಹಿಡಿದು ಹೊರಗೆ ನೋಡುತ್ತ ನಿಂತ.

ಆಸ್ಪತ್ರೆಯ ಗೇಟಿನ ಹೊರಗೆ ಬಂದಾಗ ಟೈಲರಮ್ಮ ಅವನ ಮೊಣಕೈ ಬಿಟ್ಟಳು. ಹುಡುಗಿ ಎದ್ದು ಓಡಾಡುವಂತಾದ ಮೇಲೆ ಮತ್ತೆ ಹೇಳಿಕೊಡಬೇಕು, ಅದಕ್ಕೆ ಮೊದಲು ತನ್ನದೇ ಸರಿಯಿದೆಯೋ ನೋಡಬೇಕು ಎಂದಳು. ಇಲ್ಲೇ ನಿಂತು ನಾನು ಎಷ್ಟು ಎತ್ತರ ಹಿಡಿಯುತ್ತೇನೆ ಸರಿಯಾಗಿ ನೋಡಿ ಹೇಳಿ, ನಿಮಗೆ ಗೊತ್ತಾಗುತ್ತೆ, ನೀವು ಅದೇ ಕೆಲಸ ಮಾಡಿದವರು ಎಂದಳು. ಫುಟ್‌ಪಾತಿನ ಅಂಚನ್ನು ಕೋಲಿನಿಂದ ಕಂಡುಕೊಂಡು, ಬೆನ್ನು ನೆಟ್ಟಗೆ ಮಾಡಿ, ಎತ್ತಿದಳು.

ಯಾರೂ ನಿಲ್ಲಲಿಲ್ಲ. ಒಂದು ಬಸ್ಸು ಅವಳ ಸೆರಗು ಹಾರುವಷ್ಟು ಹತ್ತಿರ ಹೋಯಿತು, ಅದರ ಹಿಂದೆ ಆಟೋಗಳು, ಬೈಕುಗಳು. ಪೀಪಿಯ ಬಲಗೈ ತಾನಾಗಿಯೇ ಸೊಂಟದಿಂದ ಮೇಲೇಳತೊಡಗಿತು. ಈಗ ರಸ್ತೆಗೆ ಇಳಿದು ನಿಂತರೆ ಎಲ್ಲವೂ ಮೊದಲಿನಂತೆಯೇ ಉಳಿಯುತ್ತದೆ, ಅವಳು ಗೆದ್ದ ಮುಖದಲ್ಲಿ ಆ ದಡ ಸೇರುತ್ತಾಳೆ, ಆಮೇಲೆ ಒಂದು ಕಾಲಿನ ಹುಡುಗಿಗೆ ಗೇಣಿನ ಲೆಕ್ಕ ಹೇಳಿಕೊಡುತ್ತಾಳೆ. ಅವಳು ಮೂರನೇ ಉಸಿರು ಬಿಟ್ಟು ಪಾದ ಎತ್ತಿದಳು. ಅವನು ಎರಡು ಕೈಯಲ್ಲೂ ಅವಳ ಭುಜ ಹಿಡಿದು ಹಿಂದಕ್ಕೆಳೆದ. ಟೆಂಪೋ ಒಂದು ಹಾರ್ನು ಬಾರಿಸುತ್ತ ಹೋಯಿತು.

"ಅವ್ರು ನಿಲ್ಲಲ್ಲ ಕಣೆ," ಎಂದ. "ಕೋಲಿಗೆ ಯಾವತ್ತೂ ನಿಂತಿಲ್ಲ. ಕೈ ಎತ್ತಿ ನಿಲ್ಲಿಸ್ತಿದ್ದದ್ದು ನಾನು."

ಅವಳ ಮುಖ ಅವನ ಕಡೆ ತಿರುಗಿತು, ಅವನ ಕಣ್ಣಿಗಲ್ಲ, ಗಲ್ಲದ ಹತ್ತಿರ ಎಲ್ಲೋ.

"ಮೊದಲ್ನೇ ದಿನವೂ?"

"ಹೂಂ."

"ಮೇಷ್ಟ್ರು ನಿಂತಿದ್ದ ದಿನ?"

"ಹೂಂ."

"ಅವಳಿಗೆ ಹೇಳ್ಕೊಟ್ಟೆ ಅಂತ ನಾನು ಬಂದು ಹೇಳಿದಾಗ ಸೌಟು ನಿಂತಿತು ರೀ. ನನಗೆ ಕೇಳಿಸಿತ್ತು."

ಅವನು ನಿನ್ನ ಒಳ್ಳೆಯದಕ್ಕೇ ಎನ್ನಲು ಬಾಯಿ ತೆರೆದ, ಆ ಚಪ್ಪಟೆ ಹೊದಿಕೆ ನೆನಪಾಗಿ ಮುಚ್ಚಿದ. ಅವಳು ಭುಜದಿಂದ ಅವನ ಎರಡೂ ಕೈಗಳನ್ನು ಒಂದೊಂದಾಗಿ ತೆಗೆದಳು. ಸಿಟ್ಟಿನಿಂದ ಕಿತ್ತು ಹಾಕಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಬಟ್ಟೆಯಿಂದ ಗುಂಡುಸೂಜಿ ತೆಗೆಯುವವಳ ಹಾಗೆ ತೆಗೆದಳು. ಆಮೇಲೆ ರಸ್ತೆಗೆ ಬೆನ್ನು ಹಾಕಿ ಗೇಟಿನ ಕಡೆ ತಿರುಗಿದಳು. ವಾರ್ಡಿಗೆ ಹೋಗಬೇಕು, ಅದು ನಿನ್ನ ಕೈಯ ತಪ್ಪಲ್ಲ ಅಂತ ಅವಳಿಗೆ ಹೇಳಬೇಕು ಎಂದಳು. ಅದನ್ನು ಗಂಡನಿಗೆ ಹೇಳಿದಳೋ ತನಗೆ ತಾನೇ ಹೇಳಿಕೊಂಡಳೋ ತಿಳಿಯುವಂತಿರಲಿಲ್ಲ.

ದಾರಿ ಅವಳಿಗೆ ಗೊತ್ತಿರಲಿಲ್ಲ, ಬರುವಾಗ ಅವನ ಮೊಣಕೈ ಹಿಡಿದು ಬಂದಿದ್ದಳು. ಕೋಲು ನಿಲ್ಲಿಸಿದ್ದ ಸ್ಕೂಟರಿಗೆ ತಾಗಿತು. ಸುತ್ತಿಕೊಂಡು ಹೋದವಳು ಆಂಬುಲೆನ್ಸ್ ಬರುವ ಇಳಿಜಾರಿನ ಕಡೆ ತಿರುಗಿದಳು, ಅಲ್ಲಿ ಗೋಡೆ ಸಿಕ್ಕಿತು, ನಿಂತಳು. ಪೀಪಿ ಒಂದು ಹೆಜ್ಜೆ ಇಟ್ಟ. ಕ್ಯಾನ್ವಾಸ್ ಶೂ ಸದ್ದು ಮಾಡಲಿಲ್ಲ, ಆದರೂ ಅವಳ ಬೆನ್ನು ಸೆಟೆಯಿತು. ಅವನು ಅಲ್ಲೇ ನಿಂತುಬಿಟ್ಟ.

ಖಾಲಿ ವೀಲ್‌ಚೇರ್ ತಳ್ಳಿಕೊಂಡು ಆಸ್ಪತ್ರೆಯ ಆಯಾ ಒಬ್ಬಳು ಬರುತ್ತಿದ್ದಳು. ಚಕ್ರದ, ಬಳೆಗಳ ಸದ್ದಿಗೆ ಟೈಲರಮ್ಮ ಕೈ ಚಾಚಿದಳು. ಮೂಳೆ ವಾರ್ಡಿಗೆ ಹೋಗಬೇಕು, ಸ್ವಲ್ಪ ಕೈ ಕೊಡ್ತೀಯಾ ತಾಯಿ ಎಂದು ಕೇಳಿದಳು. ಆಯಾ ಗೇಟಿನ ಹತ್ತಿರ ಫ್ಲಾಸ್ಕು ಹೆಗಲಿಗೆ ಹಾಕಿಕೊಂಡು ನಿಂತಿದ್ದ ಮುದುಕನನ್ನು ನೋಡಿದಳು, ಅವನು ಟೈಲರಮ್ಮನನ್ನೇ ನೋಡುತ್ತಿದ್ದದ್ದನ್ನೂ ನೋಡಿದಳು.

"ನಿಮ್ಮ ಜೊತೆ ಯಾರೂ ಬಂದಿಲ್ವಾ ಅಮ್ಮ?"

"ಇಲ್ಲಮ್ಮ," ಎಂದಳು ಟೈಲರಮ್ಮ. "ಒಬ್ಬಳೇ ಬಂದಿದ್ದೀನಿ."

ಆಯಾ ವೀಲ್‌ಚೇರನ್ನು ಗೋಡೆಗೆ ಒತ್ತಿ ನಿಲ್ಲಿಸಿ ತೋಳು ಕೊಟ್ಟಳು. ಇಬ್ಬರೂ ಒಳಗೆ ಹೋದರು.