ನೆಟ್ಟ ಕೈ

ಹುಲ್ಲಹಳ್ಳಿಯ ನಾಲೆ ಬೀದಿಯಲ್ಲಿ ಪುಟ್ಟಬಸಮ್ಮ ತೆಂಗಿನ ಮರದೊಂದಿಗೆ ಮಾತಾಡುವುದು ಯಾರಿಗೂ ಹೊಸ ಸುದ್ದಿಯಲ್ಲ. ಬೀದಿಗೆ ಹೊಸದಾಗಿ ಬಾಡಿಗೆಗೆ ಬಂದವರು ಮೊದಲ ವಾರ ಕಾಂಪೌಂಡಿನ ಮೇಲಿಂದ ಇಣುಕುತ್ತಾರೆ, ಎರಡನೇ ವಾರಕ್ಕೆ ಅವರಿಗೂ ಅದು ಹಾಲಿನವನ ಕೂಗಿನಷ್ಟೇ ಮಾಮೂಲಾಗುತ್ತದೆ. ಬೆಳಿಗ್ಗೆ ಆರಕ್ಕೆ ಅವಳು ಮಿಂದು, ವಿಭೂತಿ ಇಟ್ಟುಕೊಂಡು, ತಾಮ್ರದ ಚೊಂಬಿನಲ್ಲಿ ನೀರು ಹಿಡಿದು ಹಿತ್ತಲಿಗೆ ಬರುತ್ತಾಳೆ. ನೀರನ್ನು ಬುಡಕ್ಕೆ ಸುರಿದು, ಅಂಗೈಯನ್ನು ಮರಕ್ಕೆ ಒತ್ತಿ, "ಎದ್ಯಾ ಮಗಾ? ನಿದ್ದೆ ಬಂತಾ?" ಎಂದು ಕೇಳುತ್ತಾಳೆ.

ಆ ಹೊತ್ತಿಗೆ ಹಿತ್ತಲ ಕಡೆಯ ಕಿಟಕಿಯೊಳಗೆ ಮಗಳು ನಯನಳಿಗೆ ಎಚ್ಚರವಾಗಿರುತ್ತದೆ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ, ಮೂವತ್ತೈದರ ಈ ಮೇಡಂ ಹಾಸಿಗೆಯಲ್ಲಿ ಕಣ್ಣು ಮುಚ್ಚಿಕೊಂಡೇ, ತುಟಿ ಅಲ್ಲಾಡಿಸದೆ, "ಎದ್ದೆ ಕಣವ್ವ, ಬಂತು" ಎಂದು ಉತ್ತರ ಕೊಡುತ್ತಾಳೆ. ಏಳನೇ ವಯಸ್ಸಿನಿಂದ ಕೊಡುತ್ತಲೇ ಇದ್ದಾಳೆ. ನಗುವವರು ನಗಲಿ.

ಪುಟ್ಟಬಸಮ್ಮನ ಪಾಲಿಗೆ ಆ ಮರ ಮಗ ನಂಜುಂಡೇಶ. ಗಂಡು ಹುಟ್ಟಿದರೆ ತಾಯಿಯ ತವರಿನಿಂದ ಒಂದು ತೆಂಗಿನ ಸಸಿ ಬರುವುದು ಅವರ ಮನೆಯ ಪದ್ಧತಿ. ಹೆಣ್ಣಿಗೆ ಬೆಳ್ಳಿ ಕಾಲ್ಗೆಜ್ಜೆ ಬರುತ್ತದೆ, ಅದು ವರ್ಷ ತುಂಬುವುದರೊಳಗೆ ಕಾಲಿಗೆ ಬಿಗಿಯಾಗುತ್ತದೆ. ನಂಜುಂಡೇಶನಿಗೆ ಪುಟ್ಟಬಸಮ್ಮನ ತವರು ಹೆಮ್ಮಿಗೆಯಿಂದ ಸಸಿ ಬಂತು. ಅವನು ಎರಡು ತುಂಬುವ ಮೊದಲೇ ಜ್ವರದಲ್ಲಿ ಹೋದ. ತಾಯಿಗೆ ಮರ ಉಳಿಯಿತು.

ಹಾಗಂತ ಪುಟ್ಟಬಸಮ್ಮ ಮಗಳನ್ನು ಕಡೆಗಣಿಸಿದಳು ಎಂದರೆ ಬಾಯಿಗೆ ಹುಳ ಬಿದ್ದೀತು. ಜಡೆ ಹೆಣೆದಳು, ಓದಿಸಿದಳು, ಬಿ.ಎಡ್. ಸೀಟಿಗೆಂದು ಕೈಯ ಬಳೆ ಬಿಚ್ಚಿಕೊಟ್ಟಳು. ಆದರೆ ಮಗಳೊಂದಿಗೆ ಅವಳ ಮಾತೆಲ್ಲ "ಉಂಡ್ಯಾ", "ಛತ್ರಿ ತಕ್ಕಂಡ್ಯಾ", "ಬಸ್ಸಿಗೆ ಹೊತ್ತಾಯ್ತು", ಇಷ್ಟರಲ್ಲೇ ಮುಗಿಯುತ್ತಿತ್ತು. ಮರಕ್ಕೆ ಕೊಡುತ್ತಿದ್ದ ಆ ದನಿ ಹಿತ್ತಲ ಹೊಸ್ತಿಲು ದಾಟಿ ಒಳಗೆ ಬರುತ್ತಿರಲಿಲ್ಲ. ನಯನಳಿಗೆ ಬೇಕಿದ್ದದ್ದು ಆ ದನಿ. ಮೂರು ಸಂಬಂಧ ತಪ್ಪಿಹೋದಾಗಲೂ, ನಾಲ್ಕು ವರ್ಷದ ಹಿಂದೆ ಅಪ್ಪ ಗಂಗಾಧರಸ್ವಾಮಿ ತೀರಿಕೊಂಡಾಗಲೂ ಅವಳು ಬೇರೆ ಯಾವುದಕ್ಕೂ ಅಷ್ಟು ಹಂಬಲಿಸಿದ್ದಿಲ್ಲ.

ಈ ವರ್ಷ ದೀಪಾವಳಿ ಕಳೆದ ಮೇಲೆ ಮರದ ಬುಡದಲ್ಲಿ ಕಂದು ಬಣ್ಣದ ರಸ ಸೋರತೊಡಗಿತು. ತೋಟಗಾರಿಕೆ ಇಲಾಖೆಯವರು ಬಂದು ನೋಡಿ ಅಣಬೆ ರೋಗ ಎಂದರು. ಬೇರು ಕೊಳೆತಿದೆ, ಔಷಧಿಯ ಕಾಲ ಮೀರಿದೆ. ಎರಡು ಮಳೆಗೆ ಮರ ಪಕ್ಕದ ಮಹಾದೇವಸ್ವಾಮಿಯ ಶೀಟಿನ ಮನೆಯ ಕಡೆಗೆ ವಾಲಿತು. ಮಹಾದೇವಸ್ವಾಮಿ ಜಗಳಗಂಟನಲ್ಲ. ಒಂದು ಸಂಜೆ ಗೇಟಿನ ಹತ್ತಿರ ನಿಂತು, "ನಯನಾ, ನಮ್ಮ ಮೊಮ್ಮಗು ತೊಟ್ಲು ಅದೇ ಶೀಟಿನ ಕೆಳಗೈತೆ ಕಣವ್ವ" ಎಂದು ಹೇಳಿ ಹೋದ. ಅದಕ್ಕಿಂತ ಹೆಚ್ಚು ಹೇಳಬೇಕಾಗಿರಲಿಲ್ಲ.

ನಯನ ನಂಜನಗೂಡಿನಲ್ಲಿ ಮರ ಕೊಯ್ಯುವ ಮೆಷಿನ್ ಇಟ್ಟುಕೊಂಡಿದ್ದ ರುದ್ರೇಶನಿಗೆ ಫೋನ್ ಮಾಡಿದಳು. ಅರ್ಧ ದಿನದ ಕೆಲಸ ಮೇಡಂ, ಯಾವ ಭಾನುವಾರ ಬೇಕಾದರೂ ಬರುತ್ತೇನೆ ಎಂದ. ಅಮ್ಮನಿಗೆ ಹೇಗೆ ಹೇಳುವುದೆಂದು ಎರಡು ದಿನ ತಡವರಿಸಿ, ಮೂರನೇ ದಿನ ಸಾರಿಗೆ ಒಗ್ಗರಣೆ ಹಾಕುವ ಹೊತ್ತಿನಲ್ಲಿ, ಚಟಪಟ ಸದ್ದಿನ ಮರೆಯಲ್ಲಿ ಹೇಳಿದಳು.

ಪುಟ್ಟಬಸಮ್ಮ ಒಲೆ ಆರಿಸಿದಳು. "ಕಡೀಲಿ. ಮಗು ಮಲಗೋ ಜಾಗ ಅಂದ್ಮೇಲೆ ನಾನು ಬ್ಯಾಡ ಅನ್ನಕಿಲ್ಲ. ಆದ್ರೆ ಫಲ ಕೊಟ್ಟ ಮರ ಅದು. ನೆಟ್ಟ ಕೈ ಬದುಕಿದ್ರೆ ಮೊದಲೇಟು ಆ ಕೈಯೇ ಹಾಕ್ಬೇಕು. ಹೆಮ್ಮಿಗೆಗೆ ಹೋಗಿ ದೊಡ್ಡಮಾದಯ್ಯನ ಕರ್ಕಂಡು ಬಾ."

"ಅವರಿಗೆ ವಯಸ್ಸಾಗಿದೆಯಲ್ಲವ್ವ."

"ಒಂದೇಟು ಹಾಕಕ್ಕೆ ಏನು ವಯಸ್ಸು? ಇನ್ನೊಂದು. ಮರದ ತಲೆ ಇಳಿಸಿದಾಗ ಸುಳಿ ಸಿಕ್ತದೆ. ಮೊದಲ ತುಂಡು ಯಾರ ಹೆಸರಲ್ಲಿ ನೆಟ್ಟಿದ್ರೋ ಅವರದ್ದು. ನಮ್ಮೂರಲ್ಲಿ ಅದು ತಪ್ಪಂಗಿಲ್ಲ. ನಂಜುಂಡನ ತುಂಡ ನಾನೇ ಹೊಲಕ್ಕೆ ತಕ್ಕಂಡೋಗಿ ಅವನ್ನ ಮಣ್ಣು ಮಾಡಿದ ಜಾಗದಲ್ಲಿ ಇಡ್ತೀನಿ."

ತೆಂಗಿನ ನೆತ್ತಿಯೊಳಗೆ ಹಾಲಿನ ಬಣ್ಣದ ಎಳೆಯ ತಿರುಳಿರುತ್ತದೆ, ಅದೇ ಸುಳಿ. ಮರ ಬಿದ್ದ ದಿನ ಮಾತ್ರ ಬಾಯಿಗೆ ಸಿಗುವಂಥದ್ದು. ನಯನಳಿಗೆ ಅದರ ರುಚಿ ಗೊತ್ತಿರಲಿಲ್ಲ. ದೊಡ್ಡಮಾದಯ್ಯನನ್ನು ಕರೆಸುವುದು ಮಾತ್ರ ಅವಳಿಗೆ ಬೇಡವಾಗಿತ್ತು.

ಯಾಕೆಂದರೆ ಆ ಮರ ನಂಜುಂಡೇಶನದ್ದಾಗಿರಲಿಲ್ಲ.

ತಮ್ಮ ಹೋದ ಮೇಲೆ ಪುಟ್ಟಬಸಮ್ಮನನ್ನು ತವರಿನವರು ಮೂರು ತಿಂಗಳು ಹೆಮ್ಮಿಗೆಗೆ ಕರೆದುಕೊಂಡು ಹೋಗಿದ್ದರು. ಏಳು ವರ್ಷದ ನಯನ ಒಂದು ಮಧ್ಯಾಹ್ನ ಸ್ಕೂಲಿನಿಂದ ಬಂದು ಹಿತ್ತಲ ತಡಿಕೆ ಮುಚ್ಚುವುದನ್ನು ಮರೆತಳು. ಯಾರದೋ ಹಸು ನುಗ್ಗಿ ಎರಡು ವರ್ಷದ ಸಸಿಯನ್ನು ಸುಳಿ ಸಮೇತ ಮೇಯ್ದು ಹೋಯಿತು. ಗಂಗಾಧರಸ್ವಾಮಿ ಮಗಳಿಗೆ ಹೊಡೆಯಲಿಲ್ಲ, ಬಯ್ಯಲಿಲ್ಲ. ಜಗಲಿಯ ಮೇಲೆ ತಲೆ ಹಿಡಿದುಕೊಂಡು ಕೂತ. ಆಮೇಲೆ ಹೆಮ್ಮಿಗೆಗೆ ಗುಟ್ಟಾಗಿ ಹೇಳಿ ಕಳಿಸಿದ. ಮೊದಲ ಸಸಿ ನೆಟ್ಟಿದ್ದ ದೊಡ್ಡಮಾದಯ್ಯನೇ ಅಷ್ಟೇ ಎತ್ತರದ ಇನ್ನೊಂದು ಸಸಿಯನ್ನು ಬೇರುಮಣ್ಣಿನ ಸಮೇತ ಗೋಣಿಯಲ್ಲಿ ಸುತ್ತಿ ತಂದ.

ಗುಂಡಿ ತೋಡಿ ಆದ ಮೇಲೆ ದೊಡ್ಡಮಾದಯ್ಯ ನಿಂತುಬಿಟ್ಟ. "ಬುದ್ಧಿ, ತೀರ್ಕಂಡ ಕೂಸಿನ ಎಸ್ರಲ್ಲಿ ಗಿಡ ನೆಡಾಕಾಯ್ತದಾ? ಬದುಕಿರೋರ ಎಸ್ರು ಏಳಿ." ಅಪ್ಪ ಸುತ್ತಮುತ್ತ ನೋಡಿದ. ಅಲ್ಲಿ ಇದ್ದದ್ದು ಮೂಗು ಸುರಿಸಿಕೊಂಡು ನಿಂತಿದ್ದ ನಯನ ಒಬ್ಬಳೇ. ಅವಳ ಕೈಯಿಂದಲೇ ಗುಂಡಿಗೆ ಉಪ್ಪು ಹಾಕಿಸಿ, ಅವಳ ಹೆಸರು ಹೇಳಿ ಸಸಿ ಇಟ್ಟರು. "ಅವ್ವನ ಹತ್ರ ಬಾಯಿ ಬಿಡಬೇಡ" ಎಂದು ಅಪ್ಪ ಹೇಳಿದ. ಅವನು ಸಾಯುವವರೆಗೂ ಬಿಡಲಿಲ್ಲ, ಅವಳೂ ಬಿಡಲಿಲ್ಲ.

ಅಮ್ಮ ಹಿಂದಿರುಗಿ ಬಂದ ಮರುದಿನ ಬೆಳಿಗ್ಗೆ ಚೊಂಬು ಹಿಡಿದು ಹೋಗಿ ಸಸಿಯ ಗರಿ ನೇವರಿಸಿ, "ಎದ್ಯಾ ಮಗಾ?" ಎಂದಳು. ಕಿಟಕಿಯ ಒಳಗಿದ್ದ ಹುಡುಗಿಗೆ ಅದು ತನ್ನನ್ನೇ ಕೇಳಿದ್ದು ಅನಿಸಿತು. ಮರ ತನ್ನದಾದ ಮೇಲೆ ಮಾತೂ ತನ್ನದೇ ತಾನೆ? ಕದ್ದ ಬೆಲ್ಲವಾದರೂ ಬೆಲ್ಲವೇ.

ಭಾನುವಾರ ಅವಳು ನಂಜನಗೂಡಿಗೆ ಒಂದು, ಅಲ್ಲಿಂದ ನರಸೀಪುರಕ್ಕೆ ಇನ್ನೊಂದು, ಮುಂದಕ್ಕೆ ಮತ್ತೊಂದು ಬಸ್ಸು ಹಿಡಿದು ಹೆಮ್ಮಿಗೆಗೆ ಹೋದಳು. ದೊಡ್ಡಮಾದಯ್ಯ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದ. ಎಂಬತ್ತರ ಹತ್ತಿರದ ಮುದುಕ, ಕಿವಿ ಚುರುಕಾಗಿತ್ತು.

"ತಾತ, ನಾನು ಹುಲ್ಲಹಳ್ಳಿ ಗಂಗಾಧರಸ್ವಾಮಿಯವರ ಮಗಳು."

ಅವನು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ. "ಉಪ್ಪಾಕಿದ ಕೂಸು" ಎಂದ.

ನಯನ ಜಗಲಿಯ ಅಂಚಿನಲ್ಲಿ ಕೂತಳು. ಲೋಕದಲ್ಲಿ ಆ ಸಂಗತಿ ತಿಳಿದ ಇನ್ನೊಂದು ಜೀವ ಇದೆ ಎಂಬುದೇ ಅವಳಿಗೆ ಒಂಥರಾ ನೆಂಟಸ್ತನದಂತೆ ಕಂಡಿತು. ಬಂದ ಕೆಲಸ ಹೇಳಿದಳು. ಮೊದಲೇಟು ಹಾಕಲು ಅವನು ಕೂಡಲೇ ಒಪ್ಪಿದ.

"ಒಂದು ಮಾತು ತಾತ. ಅವ್ವನಿಗೆ ಇನ್ನೂ ಗೊತ್ತಿಲ್ಲ."

"ಇಪ್ಪತ್ತೆಂಟು ವರ್ಸ ಆಯ್ತಲ್ಲವ್ವ. ಏಳ್ಬುಡ್ಬೋದಿತ್ತು."

"ಹೇಳಿದ್ರೆ ಅವಳಿಗೆ ಮಗ ಎರಡನೇ ಸಲ ಹೋಗ್ತಾನೆ."

ಅದು ನಿಜವೇ, ಆದರೆ ಅರ್ಧ ನಿಜ. ಹೇಳಿದ್ದರೆ ಅಮ್ಮ ಚೊಂಬು ಹಿಡಿದು ಬರುವುದನ್ನು ನಿಲ್ಲಿಸುತ್ತಿದ್ದಳು, ಬೆಳಗಿನ ಆ ದನಿ ನಿಂತುಹೋಗುತ್ತಿತ್ತು. ಆ ಅರ್ಧವನ್ನು ನಯನ ಅವನಿಗೆ ಹೇಳಲಿಲ್ಲ. ಮುದುಕ ಅವಳ ಮುಖವನ್ನೇ ನೋಡುತ್ತ ಒಂದು ಕಾಯಿ ಸುಲಿದು ಮುಗಿಸಿದ.

"ಆಗ್ಲಿ. ನನ್ ಬಾಯಿಂದ ಒಂದ್ ಮಾತೂ ಒಂಡಾಕಿಲ್ಲ. ಮಾದಪ್ಪನಾಣೆ."

ಮುಂದಿನ ಭಾನುವಾರ ರುದ್ರೇಶ ತನ್ನ ಗೂಡ್ಸ್ ಆಟೋದಲ್ಲಿ ಹಗ್ಗ, ಮೆಷಿನ್, ಇಬ್ಬರು ಆಳುಗಳನ್ನು ತುಂಬಿಕೊಂಡು ಬಂದ. ಹಿಂದಿನ ಸಂಜೆಯೇ ಬಂದು ಮಹಾದೇವಸ್ವಾಮಿಯ ಜಗಲಿಯಲ್ಲಿ ಉಳಿದಿದ್ದ ದೊಡ್ಡಮಾದಯ್ಯ ತನ್ನದೇ ಹಳೇ ಕೊಡಲಿ ತಂದಿದ್ದ. ಪುಟ್ಟಬಸಮ್ಮ ಮರಕ್ಕೆ ಮೂರು ಬೆರಳಿನಿಂದ ವಿಭೂತಿ ಎಳೆದಳು, ಚೊಂಬಿನ ನೀರು ಸುರಿದಳು, ಅಂಗೈ ಒತ್ತಿದಳು. ಆ ದಿನ ಏನೂ ಕೇಳಲಿಲ್ಲ. ಕಿಟಕಿಯ ಬಳಿ ನಿಂತಿದ್ದ ನಯನಳಿಗೆ ಉತ್ತರ ಕೊಡಲು ಏನೂ ಸಿಗಲಿಲ್ಲ.

ದೊಡ್ಡಮಾದಯ್ಯ ಬುಡಕ್ಕೆ ಒಂದೇಟು ಹಾಕಿ, ಕೊಡಲಿ ಕೆಳಗಿಟ್ಟು ಕೈ ಮುಗಿದ. ಅಲ್ಲಿಂದ ಕೆಲಸ ರುದ್ರೇಶನದು. ಕಾಲಿಗೆ ಹಗ್ಗದ ತಳೆ ಹಾಕಿ ಏರಿ, ಗರಿಗಳನ್ನು ಕೆಡವಿ, ಗೊನೆಗಳನ್ನು ಹಗ್ಗದಲ್ಲಿ ಇಳಿಸಿ, ಕೊನೆಗೆ ಮರದ ತಲೆಯನ್ನು ಕಟ್ಟಿ ನಿಧಾನಕ್ಕೆ ಕೆಳಗೆ ಬಿಟ್ಟ. ಹಿತ್ತಲಿಗೆ ಇದ್ದಕ್ಕಿದ್ದಂತೆ ಬಿಸಿಲು ಬಂತು. ಇಪ್ಪತ್ತು ವರ್ಷದಿಂದ ನೆರಳಿನಲ್ಲಿದ್ದ ಬಟ್ಟೆ ಒಗೆಯುವ ಕಲ್ಲು ಬೆಳ್ಳಗೆ ಹೊಳೆಯಿತು.

ದೊಡ್ಡಮಾದಯ್ಯ ಕುಕ್ಕರಗಾಲಲ್ಲಿ ಕೂತು ಮಚ್ಚಿನಿಂದ ತಲೆಯ ಪದರ ಪದರ ಬಿಡಿಸಿದ. ಒಳಗೆ ಸುಳಿ ಇತ್ತು, ರೋಗ ಅಲ್ಲಿಯವರೆಗೆ ಏರಿರಲಿಲ್ಲ. ಪುಟ್ಟಬಸಮ್ಮ ಕಂಚಿನ ತಟ್ಟೆ ಹಿಡಿದು ಎದುರಿಗೆ ನಿಂತಿದ್ದಳು. ಮುದುಕ ಒಂದು ತುಂಡು ಕೊಯ್ದ, ಹೆಗಲ ಟವೆಲ್ಲಿಗೆ ಒರೆಸಿದ. ಒರೆಸಿ, ಅರವತ್ತು ವರ್ಷ ಮರ ಕಡಿದ ಅಭ್ಯಾಸದಲ್ಲಿ, ತಟ್ಟೆಯನ್ನು ದಾಟಿಸಿ, ಪಕ್ಕಕ್ಕೆ ಬಂದು ನಿಂತಿದ್ದ ನಯನಳ ಕಡೆಗೆ ಚಾಚಿದ. ಮಾತು ಕೊಟ್ಟಿದ್ದದ್ದು ಅವನ ಬಾಯಿ. ಕೈಗೆ ಯಾರೂ ಏನೂ ಹೇಳಿರಲಿಲ್ಲ.

ಚಾಚಿದ ಮೇಲೆ ಅವನಿಗೆ ಗೊತ್ತಾಯಿತು. ಕೈ ಅಲ್ಲೇ ನಿಂತಿತು. ಪುಟ್ಟಬಸಮ್ಮ ತುಂಡನ್ನು ನೋಡಿದಳು, ಮುದುಕನನ್ನು ನೋಡಿದಳು, ಆಮೇಲೆ ಮಗಳನ್ನು. ನಯನ ಕೈ ಒಡ್ಡಲೂ ಇಲ್ಲ, ಹಿಂದೆ ಸರಿಯಲೂ ಇಲ್ಲ, ಏಳು ವರ್ಷದವಳಂತೆ ನಿಂತಿದ್ದಳು.

"ತಕ್ಕೋ" ಎಂದಳು ಪುಟ್ಟಬಸಮ್ಮ. "ವಯಸ್ಸಾದ ಕೈ, ಎಷ್ಟೊತ್ತು ಚಾಚ್ಕಂಡಿರ್ತದೆ."

ನಯನ ತೆಗೆದುಕೊಂಡು ಬಾಯಿಗಿಟ್ಟಳು. ಸಿಹಿಯಾಗಿತ್ತು. ಅಮ್ಮ ಬರೀ ತಟ್ಟೆ ಹಿಡಿದು ಒಳಗೆ ಹೋದಳು. ಮತ್ತೆ ಹೊರಗೆ ಬಂದದ್ದು ರುದ್ರೇಶ ಮರದ ತುಂಡುಗಳನ್ನೆಲ್ಲ ಆಟೋಗೆ ಹೇರಿ, ಮುದುಕನನ್ನು ನರಸೀಪುರದ ಬಸ್ಸು ಹತ್ತಿಸಲು ಕರೆದುಕೊಂಡು ಹೋದ ಮೇಲೆ.

ಸಂಜೆ ಹಿತ್ತಲ ಮೆಟ್ಟಿಲ ಮೇಲೆ ಇಬ್ಬರೂ ಕೂತಿದ್ದರು. ನಯನ ಹಸುವಿನಿಂದ ಉಪ್ಪಿನವರೆಗೆ ಎಲ್ಲ ಹೇಳಿದಳು. ಹೇಳುವಾಗ ಅಮ್ಮನ ಮುಖ ನೋಡುವ ಧೈರ್ಯ ಬರಲಿಲ್ಲ, ಮಣ್ಣಿನಲ್ಲಿ ಉಳಿದಿದ್ದ ಮೋಟನ್ನೇ ನೋಡುತ್ತ ಹೇಳಿದಳು.

"ತಡಿಕೆ ಮುಚ್ಚದೆ ಹೋಗಿದ್ದು ನೀನಾ?"

"ಹೂಂ."

ಪುಟ್ಟಬಸಮ್ಮ ಸೆರಗಿನ ಅಂಚನ್ನು ಮಡಿಸಿದಳು, ಬಿಡಿಸಿದಳು. "ಅದು ಅವನ ಮರ ಅಲ್ಲ ಅಂತ ನಂಗೊತ್ತಿತ್ತು."

ನಯನ ತಿರುಗಿ ನೋಡಿದಳು.

"ಮೊದಲ ಗೊನೆ ಬಂದಾಗ್ಲೇ ಗೊತ್ತಾಯ್ತು. ನಮ್ಮಪ್ಪನ ಮರದ ಕಾಯಿ ಉದ್ದ. ಇದ್ರದ್ದು ಗುಂಡು. ನಿಮ್ಮಪ್ಪ ಎಲ್ಲಿಂದ್ಲೋ ತಂದು ನೆಡ್ಸವ್ರೆ ಅಂದ್ಕಂಡೆ. ನಂಗೆ ನೋವಾಗ್ದಿರ್ಲಿ ಅಂತ ಅವರು ಮುಚ್ಚಿಟ್ಟಿದ್ದ ನಾನ್ಯಾಕೆ ಬಿಚ್ಲಿ ಅಂತ ಸುಮ್ನಿದ್ದೆ. ದೊಡ್ಡಮಾದಯ್ಯನ ಕರ್ಸಿದ್ದು, ನಂಜುಂಡನ ತುಂಡು ಅಂದಿದ್ದು, ಎಲ್ಲ ಆ ಮುಚ್ಚಿಟ್ಟಿದ್ದು ಹಂಗೇ ಇರ್ಲಿ ಅಂತ್ಲೇ."

"ಗೊತ್ತಿದ್ದೂ ದಿನಾ ಮಾತಾಡಿಸ್ತಿದ್ದೆಯಲ್ಲವ್ವ."

"ಅವನು ಇದ್ದಿದ್ರೆ ಅವನ ಜೊತೆ ಆಡ್ತಿದ್ದ ಮಾತು ಎದೇಲಿ ಕೂತಿತ್ತು. ಎಲ್ಲಾದ್ರೂ ಆಡ್ಬೇಕಲ್ಲ. ಯಾರ್ದೋ ಮರ ಅಂದ್ಕಂಡೇ ಆಡ್ದೆ." ಅವಳು ಸೆರಗನ್ನು ಮತ್ತೆ ಮಡಿಸಿದಳು. "ನಿಂದು ಅಂತ ಗೊತ್ತಿದ್ರೆ ಒಳಗೇ ಬಂದು ಆಡ್ತಿದ್ದೆ."

ನಯನ ಅತ್ತಳು. ಮೂವತ್ತೈದು ವರ್ಷದ ಗಣಿತದ ಮೇಡಂ ಮೊಣಕಾಲಿಗೆ ಮುಖ ಒತ್ತಿಕೊಂಡು, ಪಕ್ಕದ ಮನೆಗೆ ಕೇಳಿಸಿದರೂ ಸರಿ ಎಂದು ಅತ್ತಳು. ಪುಟ್ಟಬಸಮ್ಮ ಸಮಾಧಾನ ಮಾಡಲಿಲ್ಲ. ಹೇಗೆ ಮಾಡುವುದೆಂದು ಅವಳಿಗೂ ರೂಢಿ ತಪ್ಪಿಹೋಗಿತ್ತು. ಕತ್ತಲಾಗುವವರೆಗೆ ಜೊತೆಗೆ ಕೂತಿದ್ದು, ಆಮೇಲೆ ಒಳಗೆ ಹೋಗಿ ಅನ್ನಕ್ಕೆ ಇಟ್ಟಳು.

ಮರುದಿನ ಆರು ಗಂಟೆಗೆ ನಯನಳಿಗೆ ಎಂದಿನಂತೆ ಎಚ್ಚರವಾಯಿತು. ಕಿಟಕಿಯ ಹೊರಗೆ ಆಕಾಶ ಬೋಳಾಗಿತ್ತು. ಹಿತ್ತಲ ಬಾಗಿಲು ತೆರೆದ ಸದ್ದು ಕೇಳಿಸಿತು, ಅಮ್ಮನ ಹೆಜ್ಜೆ ಮೋಟಿನವರೆಗೆ ಹೋಗಿ ನಿಂತಿತು. ಆಮೇಲೆ ಹೆಜ್ಜೆ ಹಿಂದಿರುಗಿತು. ನಯನ ಕಣ್ಣು ಮುಚ್ಚಿಕೊಂಡಳು.

ಕೋಣೆಯ ಬಾಗಿಲು ಕಿರುಗುಟ್ಟಿತು. ಚೊಂಬನ್ನು ನೆಲಕ್ಕಿಟ್ಟ ಸದ್ದಾಯಿತು. ನೀರಿನಲ್ಲಿ ಒದ್ದೆಯಾದ, ಒರಟಾದ ಒಂದು ಅಂಗೈ ಅವಳ ಬೆನ್ನಿನ ಮೇಲೆ ಒತ್ತಿ ಕೂತಿತು.

"ಎದ್ಯಾ ಮಗಾ? ನಿದ್ದೆ ಬಂತಾ?"

ಇಪ್ಪತ್ತೆಂಟು ವರ್ಷದ ರೂಢಿಯಲ್ಲಿ ನಯನ ತುಟಿ ಅಲ್ಲಾಡಿಸದೆ ಉತ್ತರ ಕೊಟ್ಟಳು. ಅಂಗೈ ಮೇಲೇಳಲಿಲ್ಲ, ಕಾಯುತ್ತಿತ್ತು.

"ಕೇಳ್ತಿದ್ದೀನಲ್ಲ ಮಗಾ, ಏನಾದ್ರೂ ಅನ್ನು" ಎಂದಳು ಪುಟ್ಟಬಸಮ್ಮ.

"ಎದ್ದೆ ಕಣವ್ವ" ಎಂದು ನಯನ ಬಾಯಿ ಬಿಟ್ಟು ಹೇಳಿದಳು.